ಲೈವ್ ರಾಕ್‌ಗೆ ಇಷ್ಟೊಂದು ದುಡ್ಡು ಯಾಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮಗಳ ಆಸೆಗೆ 75 ಗ್ಯಾಲನ್‌ನ ಉಪ್ಪುನೀರಿನ ಟ್ಯಾಂಕ್ ತಂದಿದ್ದೇವೆ. ಮುಂದೆ ಹವಳ ಬೆಳೆಸುವ ಯೋಚನೆ ಇದೆ. ಅಂಗಡಿಯವರು ಗ್ಯಾಲನ್‌ಗೆ ಒಂದು ಪೌಂಡ್ ಲೆಕ್ಕದಲ್ಲಿ 75 ಪೌಂಡ್ ಲೈವ್ ರಾಕ್ (ಸಮುದ್ರದ ಜೀವಿಗಳು ನೆಲೆಸಿದ ಕಲ್ಲು) ಬೇಕು ಎನ್ನುತ್ತಾರೆ. ಪೌಂಡ್‌ಗೆ 9 ಡಾಲರ್, ಅಂದರೆ 675 ಡಾಲರ್! ಟ್ಯಾಂಕ್‌ಗಿಂತ ಕಲ್ಲಿಗೇ ಜಾಸ್ತಿ. ಇಷ್ಟು ಕೊಡಲೇಬೇಕಾ?

ಉತ್ತರ: ಕೊಡಬೇಕಿಲ್ಲ. ಸುಮಾರು ಮೂರನೇ ಒಂದು ಭಾಗದ ದುಡ್ಡಿನಲ್ಲಿ ನಿಮ್ಮ ಟ್ಯಾಂಕ್ ಚೆನ್ನಾಗಿಯೇ ನಿಲ್ಲುತ್ತದೆ. ಉಳಿದದ್ದನ್ನು ತಾಳ್ಮೆಯಲ್ಲಿ ತೀರಿಸಬೇಕು, ಅಷ್ಟೇ. ಅಂಗಡಿಯವರು ಕೇಳಿದ ದರವನ್ನು ಮೋಸ ಅನ್ನಲಾರೆ. ಅದರ ಹಿಂದಿನ ಕಾರಣ ಗೊತ್ತಿದ್ದರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು ಎಂದು ನೀವೇ ನಿರ್ಧರಿಸಬಹುದು.

ಸತ್ತ ಹವಳದ ಸುಣ್ಣದ ಗೂಡುಗಳು ಸಮುದ್ರದ ತಳದಲ್ಲಿ ಒಂದಕ್ಕೊಂದು ಅಂಟಿ ಗಟ್ಟಿಯಾದ ತುಂಡೇ ಲೈವ್ ರಾಕ್. ಒಳಗೆಲ್ಲ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಮೀನು ಬಿಡುವ ಅಮೋನಿಯಾ ವಿಷ. ಹೊರಪದರದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕದ ಗಾಳಿಯಾಗಿ ಬಿಟ್ಟುಬಿಡುತ್ತವೆ. ಹೊರಗೆ ನೇರಳೆ ಬಣ್ಣದ ಸುಣ್ಣದ ಪಾಚಿ, ಪುಟ್ಟ ಹುಳು, ಸ್ಪಂಜು, ಕಣ್ಣಿಗೆ ಬೀಳದಷ್ಟು ಸಣ್ಣ ಸೀಗಡಿಯಂಥ ಜೀವಿಗಳು. ನಿಮ್ಮ ಟ್ಯಾಂಕಿನ ಫಿಲ್ಟರ್ ಮತ್ತು ಅಡಿಪಾಯ ಎರಡೂ ಇದೇ.

ಇದನ್ನು ಮೊದಲು ಚೆನ್ನಾಗಿ ಬಳಸಿ ತೋರಿಸಿದವರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಒಬ್ಬರು. 1960ರ ದಶಕದ ಆರಂಭದಲ್ಲೇ ಅವರು ದೊಡ್ಡ ಫಿಲ್ಟರ್ ಇಲ್ಲದೆ, ಜೀವಂತ ಕಲ್ಲು, ಬೆಳಕು ಮತ್ತು ಗಾಳಿಗುಳ್ಳೆಗಳಿಂದಲೇ ಹವಳ ಸಾಕಿದ್ದರು. ಮುಂದೆ ಜರ್ಮನಿಯ ಬರ್ಲಿನ್‌ನ ಹವ್ಯಾಸಿಗಳು ಕಲ್ಲು, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ಮತ್ತು ಜೋರಾದ ಬೆಳಕು ಸೇರಿಸಿ ಒಂದು ಪದ್ಧತಿ ಮಾಡಿದರು. ಅದು ಅಮೆರಿಕಕ್ಕೂ ಬಂತು. ಕಲ್ಲಿಗೆ ಬೇಡಿಕೆ ಏರಿದ್ದು ಆಮೇಲೆ.

ಬೇಡಿಕೆ ಏರಿತು, ಕಲ್ಲು ಸಿಗುವ ಜಾಗಗಳು ಮುಚ್ಚುತ್ತಾ ಹೋದವು. ಫ್ಲೋರಿಡಾದ ಕರಾವಳಿಯಲ್ಲಿ ಸಮುದ್ರದಿಂದ ಕಲ್ಲು ಕೀಳುವುದಕ್ಕೆ 1989ರಲ್ಲಿ ರಾಜ್ಯ ತಡೆ ಹಾಕಿತು. 1990ರ ದಶಕದಲ್ಲಿ ಅದರಾಚೆಗಿನ, ಅಮೆರಿಕದ ಕೇಂದ್ರ ಸರ್ಕಾರದ ಕೈಯಲ್ಲಿರುವ ಸಮುದ್ರದಲ್ಲೂ ಕಲ್ಲು ಕೀಳುವುದು ನಿಂತಿತು. ನಂತರ ಬಹುಕಾಲ ಅಮೆರಿಕಕ್ಕೆ ಹೆಚ್ಚಿನ ಕಲ್ಲು ಬಂದದ್ದು ಫಿಜಿಯಿಂದ. 2017ರ ಕೊನೆಯಲ್ಲಿ ಫಿಜಿ ಸರ್ಕಾರ ಹವಳ ಮತ್ತು ಲೈವ್ ರಾಕ್ ರಫ್ತನ್ನೇ ನಿಲ್ಲಿಸಿತು. ಇದರ ಜೊತೆಗೆ ಹವಳದ ಕಲ್ಲು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ದೇಶ ದಾಟಿಸಲು ಪರವಾನಗಿ ಬೇಕು.

ಈಗ ಫ್ಲೋರಿಡಾದಲ್ಲಿ ಸಿಗುವ ಒಳ್ಳೆಯ ಲೈವ್ ರಾಕ್ ಸಾಕಿ ಬೆಳೆಸಿದ್ದು. ನೆಲದಿಂದ ಅಗೆದ ಸುಣ್ಣದಕಲ್ಲನ್ನು ದೋಣಿಯಲ್ಲಿ ಒಯ್ದು, ಗುತ್ತಿಗೆ ಪಡೆದ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಒಂದೆರಡು ವರ್ಷವೋ ಇನ್ನೂ ಜಾಸ್ತಿಯೋ ಬಿಟ್ಟು, ಜೀವ ಹತ್ತಿದ ಮೇಲೆ ಡೈವರ್‌ಗಳು ಇಳಿದು ಎತ್ತುತ್ತಾರೆ. ಮಧ್ಯೆ ಚಂಡಮಾರುತ ಬಂದರೆ ಕಲ್ಲು ಮರಳಲ್ಲಿ ಹೂತು ಹೋಗಬಹುದು. ಎತ್ತಿದ ಮೇಲೆ ಒದ್ದೆಯಾಗಿಯೇ ವಿಮಾನದಲ್ಲಿ ಕಳಿಸಬೇಕು. ಸಾಗಣೆಯ ಬಾಡಿಗೆ ತೂಕದ ಮೇಲೆ. ನಿಮ್ಮ 9 ಡಾಲರ್‌ನಲ್ಲಿ ಕಲ್ಲಿನ ಬೆಲೆ ಸ್ವಲ್ಪವೇ. ಹೆಚ್ಚಿನದ್ದು ಈ ಕಾಯುವಿಕೆ, ಡೈವರ್‌ಗಳ ಕೂಲಿ ಮತ್ತು ವಿಮಾನದ ಬಾಡಿಗೆ.

ಇನ್ನು ಗ್ಯಾಲನ್‌ಗೆ ಒಂದು ಪೌಂಡ್ ಎಂಬ ಲೆಕ್ಕ. ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಬ್ಯಾಕ್ಟೀರಿಯಾಗೆ ಬೇಕಾದದ್ದು ಜಾಗ. ತೂಕ ಅದಕ್ಕೆ ಲೆಕ್ಕಕ್ಕಿಲ್ಲ. ಮೈತುಂಬಾ ತೂತಿರುವ ಹಗುರ ಕಲ್ಲು 35 ಪೌಂಡ್ ಇದ್ದರೆ, ಗಟ್ಟಿ ಕಲ್ಲು 75 ಪೌಂಡ್ ಮಾಡುವ ಕೆಲಸ ಮಾಡುತ್ತದೆ. ತೂಕದ ಮೇಲೆ ಮಾರುವ ವಸ್ತುವಾದ್ದರಿಂದ ಹಗುರದ್ದನ್ನೇ ಆರಿಸಿ. ಕೈಯಲ್ಲಿ ಎತ್ತಿ ನೋಡಿ. ಗಾತ್ರಕ್ಕೆ ಹೋಲಿಸಿದರೆ ಭಾರ ಅನಿಸಿದ್ದನ್ನು ವಾಪಸ್ ಇಡಿ. ಟ್ಯಾಂಕಿನಲ್ಲಿ ಕಲ್ಲು ಕಡಿಮೆ ಇದ್ದರೆ ನೀರು ಸರಾಗವಾಗಿ ಓಡಾಡುತ್ತದೆ, ಮೀನಿಗೆ ಈಜಲು ಜಾಗ ಸಿಗುತ್ತದೆ, ಕಸ ಮೂಲೆಯಲ್ಲಿ ಕೂರುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಹಗುರವಾದ ಡ್ರೈ ರಾಕ್ (ಜೀವ ಇಲ್ಲದ ಒಣ ಕಲ್ಲು) 35 ಪೌಂಡ್, ಪೌಂಡ್‌ಗೆ 4 ಡಾಲರ್‌ನಂತೆ 140 ಡಾಲರ್. ಅದರ ಜೊತೆ ನಿಮ್ಮ ಅಂಗಡಿಯಿಂದಲೇ ಒಳ್ಳೆಯ ಲೈವ್ ರಾಕ್ 8 ಪೌಂಡ್, 72 ಡಾಲರ್. ಒಟ್ಟು 212. ಜೀವ ಇರುವ ಆ 8 ಪೌಂಡ್‌ನಿಂದಲೇ ಉಳಿದ ಒಣ ಕಲ್ಲಿಗೂ ಜೀವ ಹಬ್ಬುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಡ್ರೈ ರಾಕ್‌ಗೆ ತನ್ನದೇ ಖರ್ಚಿದೆ, ಅದನ್ನೂ ಹೇಳಬೇಕು. ಕೆಲವು ಒಣ ಕಲ್ಲುಗಳಲ್ಲಿ ಹಳೆಯ ಸತ್ತ ಜೀವಿಗಳ ಫಾಸ್ಫೇಟ್ ಉಳಿದಿರುತ್ತದೆ. ಅದು ನಿಧಾನಕ್ಕೆ ನೀರಿಗೆ ಬಿಟ್ಟುಕೊಂಡು ಪಾಚಿ ಎಬ್ಬಿಸುತ್ತದೆ. ಮೊದಲ ತಿಂಗಳುಗಳಲ್ಲಿ ಕಂದು ಲೋಳೆ, ಹಸಿರು ಕೂದಲಿನಂಥ ಪಾಚಿ ಬಂದೇ ಬರುತ್ತದೆ. ತುಂಬಾ ಜನ ಇಲ್ಲೇ ಸೋತು ಟ್ಯಾಂಕ್ ಮಾರಿಬಿಡುತ್ತಾರೆ. ಬಿಡಬೇಡಿ. ಹವಳ ಹಾಕುವುದನ್ನು ಮೂರ್ನಾಲ್ಕು ತಿಂಗಳು ಮುಂದೂಡಿ, ಮೀನನ್ನು ಒಂದೊಂದಾಗಿ ಬಿಡಿ. ಅಷ್ಟರಲ್ಲಿ ಮಗಳಿಗೆ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡುವುದನ್ನು ಕಲಿಸಿ. ಆ ಬಣ್ಣ ಬದಲಾಗುವುದನ್ನು ನೋಡುವುದು ಮಕ್ಕಳಿಗೆ ನಿಜವಾಗಲೂ ಇಷ್ಟವಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ 200 ಲೀಟರ್ ಮರೈನ್ ಟ್ಯಾಂಕ್ ಮಾಡುತ್ತಿದ್ದೇನೆ. ಒಬ್ಬರು "ಅಸಲಿ ಸಮುದ್ರದ ಲೈವ್ ರಾಕ್, ತಮಿಳುನಾಡಿನಿಂದ ನೇರ" ಎಂದು ಕಿಲೋಗೆ 900 ರೂಪಾಯಿ ಹೇಳಿದ್ದಾರೆ. ಬಿಲ್ ಕೊಡುವುದಿಲ್ಲವಂತೆ. ತಗೊಳ್ಳಬಹುದಾ?

ಉತ್ತರ: ದಯವಿಟ್ಟು ಬೇಡ. ಸುಮ್ನೆ ಕೊಟ್ಟರೂ ಬೇಡ.

ಹವಳ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ನಮ್ಮ ದೇಶದಲ್ಲಿ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ, ಆನೆ ಇರುವ ಅದೇ ಪಟ್ಟಿ. ಅದರಲ್ಲಿರುವ ಜೀವಿಯನ್ನು ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷ ಜೈಲು. ದಂಡ ಕನಿಷ್ಠ 25,000 ರೂಪಾಯಿ. ಸಮುದ್ರದಿಂದ ಕಿತ್ತ ಕಲ್ಲು ಅಂದರೆ ಹವಳದ ಗೂಡೇ. ಬಿಲ್ ಇಲ್ಲ ಎಂದರೆ ಯಾಕೆ ಇಲ್ಲ ಎಂದು ಮಾರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನಿಗಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಮನ್ನಾರ್ ಕೊಲ್ಲಿ. ರಾಮೇಶ್ವರದಿಂದ ತೂತ್ತುಕುಡಿವರೆಗೆ ಅಲ್ಲಿ 21 ದ್ವೀಪಗಳಿದ್ದವು. ಹತ್ತಾರು ವರ್ಷ ಸುಣ್ಣಕ್ಕೆ, ಕಟ್ಟಡಕ್ಕೆ ಎಂದು ದೋಣಿಗಟ್ಟಲೆ ಹವಳ ಅಗೆದರು. ಅಲೆಯನ್ನು ತಡೆಯುತ್ತಿದ್ದ ದಿಬ್ಬ ಸವೆಯಿತು. ಎರಡು ದ್ವೀಪಗಳು ನೀರಿನಡಿ ಹೋದವು. ಸಾವಿರಾರು ವರ್ಷ ಕಟ್ಟಿದ್ದು ನಮ್ಮ ಕಾಲದಲ್ಲೇ ಕರಗಿತು. ಅಂಥ ಜಾಗದ ಒಂದು ಕಲ್ಲು ನಮ್ಮ ಹಾಲ್‌ನಲ್ಲಿ ಚೆಂದ ಕಾಣುತ್ತದೆ ಎಂದು ಇಟ್ಟುಕೊಳ್ಳಲು ನನಗಂತೂ ಆಗದು.

ಲೆಕ್ಕದ ಮಾತಿಗೆ ಬಂದರೂ ಇದು ನಷ್ಟದ ವ್ಯಾಪಾರ. ಮೇಲೆ ಹೇಳಿದ ಗ್ಯಾಲನ್‌ಗೆ ಒಂದು ಪೌಂಡ್ ಲೆಕ್ಕದಂತೆ ಹೋದರೆ 200 ಲೀಟರ್‌ಗೆ ಸುಮಾರು 24 ಕಿಲೋ, ಅಂದರೆ 21,600 ರೂಪಾಯಿ. ಅದರಲ್ಲಿ ಕಲ್ಲು ಹೀರಿಕೊಂಡ ನೀರಿಗೂ ನೀವೇ ದುಡ್ಡು ಕೊಟ್ಟಿರುತ್ತೀರಿ. ದಾರಿಯಲ್ಲಿ ಬಿಸಿಲಿಗೆ ಸ್ಪಂಜು, ಹುಳು ಸತ್ತಿರುತ್ತವೆ. ಟ್ಯಾಂಕಿಗೆ ಹಾಕಿದರೆ ಕೊಳೆತ ವಾಸನೆ, ಅಮೋನಿಯಾ. ಬೇರೆ ಡ್ರಮ್ಮಿನಲ್ಲಿ ಉಪ್ಪುನೀರು ಬದಲಿಸುತ್ತಾ ಮೂರರಿಂದ ಆರು ವಾರ ಹದ ಮಾಡಬೇಕು. ಆ ಉಪ್ಪಿಗೂ ಆರ್‌ಒ ನೀರಿಗೂ ಮತ್ತೆ ಖರ್ಚು.

ನೀವು ಕೃತಕ ಕಲ್ಲು ಅಥವಾ ತೂತುಗಳಿರುವ ಸೆರಾಮಿಕ್ ತುಂಡುಗಳನ್ನು ತಗೊಳ್ಳಿ. 200 ಲೀಟರ್‌ಗೆ ಹಗುರದ್ದು 10ರಿಂದ 12 ಕಿಲೋ ಸಾಕು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಒಂದು ಹಾಕಿ, ಕಾಯಿರಿ. ಖರೀದಿಗೆ ಮುಂಚೆ ಒಂದು ಪ್ರಶ್ನೆ ಕೇಳಿ: "ಇದನ್ನು ಎಲ್ಲಿ ಮಾಡಿದ್ದು?" ಉತ್ತರ ಮತ್ತು ಬಿಲ್ ಎರಡೂ ಸಿಗಬೇಕು.

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರ ಪಕ್ಕದಲ್ಲೇ. ದಡದ ಕಲ್ಲು ತಂದು ಹಾಕಿದರೆ ಪುಕ್ಕಟೆ ಆಗುತ್ತಲ್ವಾ? ಇಲ್ಲವಾದರೆ ಮನೆಯಲ್ಲೇ ಮಾಡಬಹುದಾ?

ಉತ್ತರ: ನಮ್ಮ ಕರಾವಳಿಯ ದಡದಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ಗಟ್ಟಿ ಕಲ್ಲು ಅಥವಾ ಕೆಂಪುಕಲ್ಲು. ಗಟ್ಟಿ ಕಲ್ಲಿಗೆ ತೂತಿಲ್ಲ, ಬರೀ ಭಾರ. ಕೆಂಪುಕಲ್ಲಿನಲ್ಲಿ ತೂತಿದೆ, ಆದರೆ ಕಬ್ಬಿಣ ತುಂಬಿದೆ. ಅದು ಪಾಚಿಗೆ ಹಬ್ಬದೂಟ. ಹವಳ ಇರುವುದು ಮುರ್ಡೇಶ್ವರದಾಚೆಯ ನೇತ್ರಾಣಿಯಂಥ ಕಡೆ. ಅಲ್ಲಿಂದ ಒಂದು ಚೂರೂ ತರುವಂತಿಲ್ಲ. ಕಾರಣ ಮೇಲೆಯೇ ಹೇಳಿದೆ.

ಮನೆಯಲ್ಲಿ ಮಾಡುವ ವಿಚಾರದಲ್ಲಿ ನೀವು ಪುಣ್ಯವಂತರು. ಹೊಳೆಬಾಯಿಯ ಚಿಪ್ಪು ನಿಮ್ಮೂರಲ್ಲಿ ಧಾರಾಳ. ಮಾಂಸ ತೆಗೆದ ಖಾಲಿ ಚಿಪ್ಪನ್ನು ತೊಳೆದು, ಒಣಗಿಸಿ, ಜಜ್ಜಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಚಿಪ್ಪಿನ ಚೂರು, ಎರಡು ಪಾಲು ಕಲ್ಲುಪ್ಪು. ನೀರು ಕಡಿಮೆ ಹಾಕಿ, ಉದುರುದುರಾಗಿ ಕಲೆಸಿ. ಒದ್ದೆ ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ಸುರಿದು ಬೇಕಾದ ಆಕಾರ ಕೊಡಿ. ಎರಡು ದಿನ ಬಿಟ್ಟು ತೆಗೆದು ಸಿಹಿನೀರಿನ ಡ್ರಮ್ಮಿಗೆ ಹಾಕಿ. ಉಪ್ಪು ಕರಗಿ ಹೋದ ಜಾಗದಲ್ಲೆಲ್ಲ ತೂತು ಉಳಿಯುತ್ತದೆ.

ಇಲ್ಲಿ ಅವಸರ ಮಾಡಬೇಡಿ. ಹೊಸ ಸಿಮೆಂಟು ನೀರಿನ ಪಿಎಚ್ ಅನ್ನು 11, 12ರವರೆಗೆ ಏರಿಸುತ್ತದೆ. ಮೀನು ಬದುಕುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಒಂದೆರಡು ತಿಂಗಳು ಬಿಡಿ. ಕೊನೆಗೆ ಹೊಸ ನೀರಿನಲ್ಲಿ ಒಂದು ವಾರ ಇಟ್ಟು ಪಿಎಚ್ ನೋಡಿ. 8.5ಕ್ಕಿಂತ ಕೆಳಗೆ ನಿಂತರೆ ಮಾತ್ರ ಟ್ಯಾಂಕಿಗೆ. ಕಬ್ಬಿಣದ ಸರಳು, ತಂತಿ ಯಾವುದನ್ನೂ ಒಳಗೆ ಸೇರಿಸಬೇಡಿ.

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರು ಹವ್ಯಾಸ ಬಿಡುತ್ತಿದ್ದಾರೆ. ಹಳೆಯ ಟ್ಯಾಂಕಿನ ಕೃತಕ ಕಲ್ಲುಗಳನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಬಿಲ್ಲೂ ಇಟ್ಟಿದ್ದಾರೆ. ಒಳ್ಳೆಯದಾ?

ಉತ್ತರ: ಒಳ್ಳೆಯದೇ. ಬ್ಯಾಕ್ಟೀರಿಯಾ ಆಗಲೇ ನೆಲೆಯಾಗಿರುವ ಕಲ್ಲು ಅರ್ಧ ಬೆಲೆಗೆ ಸಿಗುತ್ತಿದೆ. ಆದರೆ ಎರಡು ವಿಷಯ ನೋಡಿ. ಆ ಟ್ಯಾಂಕಿಗೆ ಯಾವಾಗಲಾದರೂ ತಾಮ್ರದ ಔಷಧಿ ಹಾಕಿದ್ದಾರಾ ಎಂದು ಕೇಳಿ. ಸುಣ್ಣದ ಕಲ್ಲು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಸೀಗಡಿ, ಹವಳ ಸಾಯುತ್ತವೆ. ಹಾಕಿದ್ದರೆ ಬಿಟ್ಟುಬಿಡಿ. ಇನ್ನೊಂದು, ಏಪ್ಟೇಸಿಯಾ. ಕಂದು ಬಣ್ಣದ, ಪುಟ್ಟ ಹೂವಿನಂಥ, ಮುಟ್ಟಿದರೆ ತೂತಿನೊಳಗೆ ಸೇರಿಕೊಳ್ಳುವ ಜೀವಿ. ಒಂದು ಬಂದರೆ ಟ್ಯಾಂಕ್ ತುಂಬಾ ಹರಡುತ್ತದೆ. ಕಲ್ಲುಗಳು ನೀರಿನಲ್ಲಿ ಇರುವಾಗಲೇ, ಲೈಟ್ ಹಾಕಿಸಿ, ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನೀರಿನಿಂದ ಹೊರಗೆ ತೆಗೆದರೆ ಅದು ಮುದುಡಿಕೊಂಡು ಕಾಣುವುದಿಲ್ಲ.

ತರುವಾಗ ಅದೇ ಟ್ಯಾಂಕಿನ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ ತನ್ನಿ. ಒಣಗಿದರೆ ಕೊಟ್ಟ ದುಡ್ಡಿಗೆ ಬರೀ ಕಲ್ಲು ಸಿಕ್ಕಿದಂತೆ. ಬಕೆಟ್‌ನ ನೀರನ್ನು ಮಾತ್ರ ನಿಮ್ಮ ಟ್ಯಾಂಕಿಗೆ ಸುರಿಯಬೇಡಿ.