ಕುಡಿತ ಬಿಟ್ಟೆ, ಆದರೂ ಯಾಕೆ ಹೀಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 43 ವರ್ಷ. ಹದಿನೈದು ವರ್ಷ ದಿನಾ ಕುಡಿದೆ. ಆಸ್ಪತ್ರೆಗೆ ಸೇರಿ ಬಿಟ್ಟು ಎರಡೂವರೆ ತಿಂಗಳಾಯಿತು. ಆಮೇಲೆ ಒಂದು ಹನಿಯೂ ಮುಟ್ಟಿಲ್ಲ. ಕೈ ನಡುಕ ಮೊದಲ ವಾರದಲ್ಲೇ ನಿಂತಿತು. ಇನ್ನೇನು ಎಲ್ಲಾ ಸರಿಹೋಯಿತು ಅಂದುಕೊಂಡಿದ್ದೆ. ಆದರೆ ರಾತ್ರಿ ಎರಡೂವರೆ, ಮೂರಕ್ಕೆ ಎಚ್ಚರವಾಗಿಬಿಡುತ್ತದೆ. ಮತ್ತೆ ನಿದ್ದೆ ಹತ್ತಿದರೆ ಕುಡಿಯುವ ಕನಸು. ಎದ್ದಾಗ ಬಾಯಲ್ಲಿ ಅದರ ರುಚಿಯೇ ಇದ್ದ ಹಾಗಾಗಿ ಗಾಬರಿಯಾಗುತ್ತದೆ. ಪಾದ ಉರಿಯುತ್ತದೆ, ಕಾಲ್ಬೆರಳು ಜೋಮು ಹಿಡಿಯುತ್ತವೆ. ಮೊನ್ನೆ ಮಗ ಓದುತ್ತಾ ಪೆನ್ನನ್ನು ಟಕ್ ಟಕ್ ಅಂತ ಒತ್ತುತ್ತಿದ್ದ, ಅಷ್ಟಕ್ಕೇ ಕೂಗಾಡಿಬಿಟ್ಟೆ. ‘ಕುಡೀತಿದ್ದಾಗಲೇ ವಾಸಿ ಇದ್ರಿ’ ಅಂದಳು ಹೆಂಡತಿ. ಯಾವುದರಲ್ಲೂ ಖುಷಿ ಇಲ್ಲ. ಮನೆಯವರಿಗೆ ಅಷ್ಟು ವರ್ಷ ಕೊಟ್ಟ ಕಾಟಕ್ಕೆ ಇದು ಶಿಕ್ಷೆ, ಅನುಭವಿಸಲೇಬೇಕು ಅಂತ ಯಾರಿಗೂ ಹೇಳದೆ ಸುಮ್ಮನಿದ್ದೇನೆ. ಇದೆಲ್ಲ ಎಷ್ಟು ದಿನ ಮೇಡಂ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಕೊನೆಯ ಭಾಗ. ಶಿಕ್ಷೆ ಅಂದುಕೊಂಡು ಯಾರಿಗೂ ಹೇಳದೆ ಇದ್ದೀರಲ್ಲ, ಅದು. ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಹೀಗೆ ಹಲ್ಲು ಕಚ್ಚಿ ಕೂತವರನ್ನು ನೋಡಿದ್ದೇನೆ. ಕೇಳಿದರೆ ‘ನಾನೇ ಮಾಡಿಕೊಂಡಿದ್ದು ಸಿಸ್ಟರ್, ನಾನೇ ಅನುಭವಿಸ್ತೀನಿ’ ಅನ್ನುತ್ತಿದ್ದರು. ಮನೆಯವರಿಗೆ ಆದ ನೋವಿಗೆ ನೀವು ಮಾಡಬೇಕಾದದ್ದು ಇರಬಹುದು, ಅದನ್ನು ಮಾಡಿ. ಆದರೆ ನಿಮ್ಮ ಪಾದ ಉರಿದರೆ ಅವರಿಗೆ ಏನು ಸಿಕ್ಕ ಹಾಗಾಯಿತು? ನಿಮ್ಮ ಕಷ್ಟಗಳಲ್ಲಿ ಕೆಲವು ಕಾದರೆ ತಾವಾಗಿ ಕಡಿಮೆಯಾಗುತ್ತವೆ. ಕೆಲವನ್ನು ಡಾಕ್ಟರಿಗೆ ತೋರಿಸಲೇಬೇಕು. ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತುಕೊಂಡಿದ್ದೀರಿ.

ಮೊದಲು ಪಾದ. ಇದನ್ನು ಈ ವಾರವೇ ತೋರಿಸಿ. ತುಂಬಾ ವರ್ಷ ಕುಡಿದವರಿಗೆ ಕಾಲಿನ ನರಗಳು ಸೊರಗುತ್ತವೆ. ಮದ್ಯವೇ ನರಕ್ಕೆ ಏಟು ಕೊಡುತ್ತದೆ. ಜೊತೆಗೆ ಕುಡಿಯುವವರು ಸರಿಯಾಗಿ ಊಟ ಮಾಡುವುದಿಲ್ಲ, ಮಾಡಿದ್ದರಲ್ಲಿ ಇರುವ ಥಯಾಮಿನ್ ಅನ್ನೂ ಕರುಳು ಚೆನ್ನಾಗಿ ಹೀರುವುದಿಲ್ಲ. ಥಯಾಮಿನ್ ಅಂದರೆ ಬಿ1 ವಿಟಮಿನ್. ಉರಿ, ಜೋಮು, ಸೂಜಿ ಚುಚ್ಚಿದಂಥ ನೋವು ಬೆರಳಿನ ತುದಿಯಲ್ಲಿ ಶುರುವಾಗಿ ಮೇಲೆ ಬರುತ್ತದೆ. ಬಿ12 ಕಡಿಮೆಯಾದರೂ, ಸಕ್ಕರೆ ಕಾಯಿಲೆ ಇದ್ದರೂ ಹೀಗೇ ಆಗುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಬೇಕು. ಅಂಗಡಿಯಿಂದ ಶಕ್ತಿ ಮಾತ್ರೆ ತಂದು ನುಂಗಿದರೆ ಕಾರಣ ಗೊತ್ತಾಗುವುದಿಲ್ಲ.

ನಮ್ಮ ವಾರ್ಡಿನಲ್ಲಿದ್ದ ಒಬ್ಬರು ನೆನಪಾಗುತ್ತಾರೆ. ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಅವರ ಕಾಲಿನ ಹೆಬ್ಬೆರಳು ಸವರಿದೆ. ‘ಯಾವಾಗ ಮುಟ್ತೀರಿ ಸಿಸ್ಟರ್?’ ಅಂತ ಕೇಳಿದರು. ಅಷ್ಟರಲ್ಲಿ ಮೂರು ಸಲ ಮುಟ್ಟಿಯಾಗಿತ್ತು. ಹಾಗೇ ಮೇಲಕ್ಕೆ ಸವರುತ್ತಾ ಹೋದೆ. ಗಿಣ್ಣು ದಾಟಿದ ಮೇಲೆ ‘ಹಾಂ, ಈಗ ಗೊತ್ತಾಯ್ತು’ ಅಂದರು. ಅಂಗಾಲು ತಿರುಗಿಸಿ ನೋಡಿದರೆ ಚಪ್ಪಲಿಯ ಮೊಳೆ ಚುಚ್ಚಿ ಆದ ಗಾಯ. ಕೀವು ಕಟ್ಟಿತ್ತು. ಅವರಿಗೆ ಅದರ ಸುಳಿವೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಿಸಿ ನೀರಿಗೆ ಕಾಲು ಇಡುವ ಮುಂಚೆ ಮೊಣಕೈಯಿಂದ ಬಿಸಿ ನೋಡಿ. ಬರಿಗಾಲಲ್ಲಿ ಓಡಾಡಬೇಡಿ. ಕುಡಿತ ಬಿಟ್ಟು ಚಿಕಿತ್ಸೆ ತೆಗೆದುಕೊಂಡರೆ ಎಷ್ಟೋ ಜನರಿಗೆ ಉರಿ ಇಳಿಯುತ್ತದೆ. ಆದರೆ ನಿಧಾನ. ಪೆಟ್ಟಾದ ನರ ಮತ್ತೆ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಉರಿಗೆ ಬೇರೆ ಮಾತ್ರೆಗಳಿವೆ, ಡಾಕ್ಟರ್ ಕೊಡುತ್ತಾರೆ.

ಇನ್ನು ನಿದ್ದೆ, ಸಿಟ್ಟು. ಇವೆರಡರ ಬೇರು ಒಂದೇ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನಾ ಹೀಗೆ ಆಗುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ, ಎಚ್ಚರವಾಗಿರಲು ತನ್ನ ಕಡೆಯಿಂದ ಜೋರು ಮಾಡುತ್ತದೆ. ಬಾಗಿಲನ್ನು ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ವರ್ಷಗಟ್ಟಲೆ ತಳ್ಳುತ್ತಾ ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬ ಥಟ್ಟನೆ ಕೈ ಬಿಟ್ಟರೆ ಇನ್ನೊಬ್ಬ ಮುಗ್ಗರಿಸುತ್ತಾನೆ ಅಲ್ವಾ? ಮೊದಲ ವಾರದ ನಡುಕ, ಬೆವರು, ಎದೆಬಡಿತ ಆ ಮುಗ್ಗರಿಕೆ. ಅದು ಸಾಮಾನ್ಯವಾಗಿ ಐದರಿಂದ ಏಳು ದಿನದಲ್ಲಿ ತಗ್ಗುತ್ತದೆ. ಆದರೆ ಪೂರ್ತಿ ಸಮತೋಲ ಬರಲು ವಾರಗಳು, ಎಷ್ಟೋ ಸಲ ತಿಂಗಳುಗಳು ಬೇಕು. ಅಲ್ಲಿಯವರೆಗೆ ಚಿಕ್ಕ ಸದ್ದೂ ದೊಡ್ಡದಾಗಿ ಕೇಳುತ್ತದೆ. ಪೆನ್ನಿನ ಟಕ್ ಟಕ್ ನಿಮಗೆ ತಲೆಯೊಳಗೇ ಹೊಡೆದ ಹಾಗೆ ಆಗಿದ್ದರೆ ಆಶ್ಚರ್ಯವಿಲ್ಲ. ಮಗನಿಗೆ ಇದನ್ನು ಹೇಳಿ. ‘ನನಗೆ ಈಗ ಸದ್ದು ತಡೆಯೋಕಾಗ್ತಿಲ್ಲ, ನಿನ್ನ ತಪ್ಪಿಲ್ಲ’ ಅಂದರೆ ಸಾಕು. ಮಕ್ಕಳಿಗೆ ಅರ್ಥವಾಗುತ್ತದೆ. ಹೇಳದೇ ಹೋದರೆ ತನ್ನಿಂದಲೇ ಅಪ್ಪ ಹೀಗಾದರು ಅಂದುಕೊಳ್ಳುತ್ತಾರೆ.

ಕನಸಿಗೆ ಹೆದರಬೇಡಿ. ಕನಸು ಬೀಳುವ ಹಂತದ ನಿದ್ದೆಯನ್ನು ಮದ್ಯ ಅದುಮಿಟ್ಟಿರುತ್ತದೆ. ಬಿಟ್ಟ ಮೇಲೆ ಅದು ಹೆಚ್ಚಾಗಿ, ಗಾಢವಾಗಿ ವಾಪಸ್ ಬರುತ್ತದೆ. ಕುಡಿದ ಕನಸು ಬಿಟ್ಟವರಲ್ಲಿ ತುಂಬಾ ಸಾಮಾನ್ಯ. ಕನಸಿನಲ್ಲಿ ಕುಡಿದರೆ ನಿಮ್ಮ ಎರಡೂವರೆ ತಿಂಗಳಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಎದ್ದು ಬಾಯಿ ಮುಕ್ಕಳಿಸಿ, ಲೈಟ್ ಹಾಕಿ, ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ. ಗಾಬರಿ ಇಳಿಯುತ್ತದೆ.

ರಾತ್ರಿ ಮೂರಕ್ಕೆ ಎಚ್ಚರವಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಇಪ್ಪತ್ತು ನಿಮಿಷದ ಮೇಲೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು ಏನಾದರೂ ಸಪ್ಪೆ ಕೆಲಸ ಮಾಡಿ. ಮೊಬೈಲ್ ಬೇಡ. ಕಣ್ಣು ಎಳೆಯಲು ಶುರುವಾದಾಗ ಮಲಗಿ. ಎಷ್ಟೇ ಕಡಿಮೆ ನಿದ್ದೆಯಾಗಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ, ಮಧ್ಯಾಹ್ನ ಉದ್ದ ನಿದ್ದೆ ಬೇಡ. ಕುಡಿತ ಬಿಟ್ಟವರು ಅದರ ಜಾಗದಲ್ಲಿ ಕಾಫಿ, ಚಹಾ ಹೆಚ್ಚು ಮಾಡಿಕೊಳ್ಳುವುದುಂಟು, ಮಧ್ಯಾಹ್ನದ ಮೇಲೆ ಅದನ್ನು ನಿಲ್ಲಿಸಿ. ನಿದ್ದೆ ಮಾತ್ರೆಯನ್ನು ಮಾತ್ರ ನೀವಾಗಿ ತರಬೇಡಿ. ಕೆಲವು ಮಾತ್ರೆಗಳು ಮಿದುಳಿನಲ್ಲಿ ಮದ್ಯ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತವೆ. ಒಂದು ಚಟ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ.

‘ಯಾವುದರಲ್ಲೂ ಖುಷಿ ಇಲ್ಲ’ ಅಂದಿರಿ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕುಡಿತದಿಂದಲೇ ಬಂದ ಬೇಸರ ಬಿಟ್ಟ ಮೂರು ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ತಿಳಿಯಾಗುತ್ತಾ ಬರುತ್ತದೆ. ಒಂದು ತಿಂಗಳು ದಾಟಿಯೂ ಹಾಗೇ ಉಳಿದರೆ ಅದು ಬೇರೆಯದೇ ಖಿನ್ನತೆ ಇರಬಹುದು ಅಂತ ಡಾಕ್ಟರುಗಳು ನೋಡುತ್ತಾರೆ. ನಿಮಗೆ ಎರಡೂವರೆ ತಿಂಗಳು. ಮನೋವೈದ್ಯರ ಹತ್ತಿರ ಹೋಗಿ. ಖಿನ್ನತೆಗೆ ಚಿಕಿತ್ಸೆ ಇದೆ. ಕುಡಿಯುವ ಹಪಹಪಿ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ. ಇವೇನೂ ಹೊಸ ಪ್ರಯೋಗವಲ್ಲ, ನಾಲ್ಟ್ರೆಕ್ಸೋನ್‌ಗೆ ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಗೆಂದು ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ನಿಮ್ಮ ಲಿವರ್, ಕಿಡ್ನಿ ನೋಡಿ ಯಾವುದು ಸರಿ ಅಂತ ಡಾಕ್ಟರ್ ಹೇಳುತ್ತಾರೆ. ಸಾಯಬೇಕು ಅನ್ನುವ ಯೋಚನೆ ಸುಳಿದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ. ಮಾತು ತಡವರಿಸಿ ಗೊಂದಲವಾದರೆ, ನಡಿಗೆ ಓಲಾಡಿದರೆ, ಒಂದು ಎರಡಾಗಿ ಕಂಡರೆ, ಅದೂ ತುರ್ತು. ಬಿ1 ಕೊರತೆ ಮಿದುಳಿಗೆ ತಾಗಿರಬಹುದು.

ಆಸೆ ಎದ್ದಾಗ ಮಾಡುವುದಕ್ಕೆ ಒಂದು ಉಪಾಯ. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ಬಿಟ್ಟವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇದು: ಹಸಿವಾ, ಸಿಟ್ಟಾ, ಒಂಟಿತನಾ, ದಣಿವಾ? ನಾಲ್ಕರಲ್ಲಿ ಯಾವುದು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹಸಿವಾದರೆ ತಿನ್ನಿ, ದಣಿವಾದರೆ ಮಲಗಿ. ಒಂಟಿತನವಾದರೆ ಫೋನ್ ಮಾಡಿ. ಯಾರಿಗೆ ಮಾಡಬೇಕು ಅಂತ ಇವತ್ತೇ ತೀರ್ಮಾನಿಸಿ, ಅವರಿಗೂ ಹೇಳಿಡಿ. ಆಸೆ ಜೋರಾಗಿ ಏಳುತ್ತದೆ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಆ ಜಾಗದಿಂದ ಎದ್ದು ಹೋಗಿ.

ನಿಮ್ಮ ಹೆಂಡತಿಯ ಮಾತು. ಕೇಳಲು ಕಷ್ಟ, ನಿಜ. ಆದರೆ ಅವರು ನಿಮ್ಮನ್ನು ಮತ್ತೆ ಕುಡಿಯಿರಿ ಅನ್ನುತ್ತಿಲ್ಲ. ಬಿಟ್ಟ ಮೇಲೆ ಮನೆ ಶಾಂತವಾಗುತ್ತದೆ ಅಂತ ಎಷ್ಟೋ ವರ್ಷ ಕಾದವರು, ಅವರಿಗೂ ನಿದ್ದೆ ಕೆಟ್ಟಿದೆ. ಡಾಕ್ಟರ ಹತ್ತಿರ ಹೋಗುವಾಗ ಕರೆದುಕೊಂಡು ಹೋಗಿ. ಇದು ಕಾಯಿಲೆಯ ಭಾಗ ಅಂತ ಡಾಕ್ಟರ ಬಾಯಿಂದಲೇ ಅವರು ಕೇಳಬೇಕು. ನಿಮ್ಮ ಬಾಯಿಂದ ಬಂದರೆ ನೆಪದ ಹಾಗೆ ಕೇಳಿಸೀತು.

ಒಂದು ಎಚ್ಚರಿಕೆ. ಅಕಸ್ಮಾತ್ ಮತ್ತೆ ದಿನಾ ಕುಡಿಯುವ ಹಾಗಾದರೆ, ನಾಚಿಕೆಯಿಂದ ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ ಹಿಡಿಯಬಹುದು. ಪ್ರಾಣಕ್ಕೇ ಅಪಾಯ. ಸೀದಾ ಆಸ್ಪತ್ರೆಗೆ ಬನ್ನಿ. ನಮ್ಮಂಥವರು ಅಲ್ಲಿ ಇರುವುದೇ ಅದಕ್ಕೆ, ಯಾರೂ ಬೈಯಬಾರದು. ಬೈದರೆ ಇನ್ನೊಂದು ಕಡೆ ಹೋಗಿ, ಆದರೆ ಚಿಕಿತ್ಸೆ ಬಿಡಬೇಡಿ.

ಪ್ರಶ್ನೆ: ಅಣ್ಣ ಕುಡಿತ ಬಿಟ್ಟು ಒಂದು ತಿಂಗಳು. ಮಾತಿಲ್ಲ, ಬರೀ ಸಿಡಿಮಿಡಿ. ಮತ್ತೆ ಶುರು ಮಾಡುತ್ತಾನೆ ಅಂತ ಅತ್ತಿಗೆಗೆ ಭಯ. ಕುಡಿದರೆ ವಾಂತಿಯಾಗುವ ಮಾತ್ರೆ ಸಿಗುತ್ತದಂತೆ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಅಂತ ಪರಿಚಯದವರೊಬ್ಬರು ಹೇಳಿದರು. ಕೊಡಬಹುದಾ? (ಒಬ್ಬ ತಂಗಿ)

ಉತ್ತರ: ಬೇಡಮ್ಮ, ಖಂಡಿತ ಬೇಡ. ಅದರ ಹೆಸರು ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿಯಷ್ಟೇ ಆಗುವುದಿಲ್ಲ. ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯಬಹುದು. ಹೃದಯದ ತೊಂದರೆ ಇದ್ದವರಿಗೆ ಜೀವಕ್ಕೇ ಕುತ್ತು. ಅದನ್ನು ಪರೀಕ್ಷೆ ಮಾಡಿ, ಎಲ್ಲಾ ವಿವರಿಸಿ, ರೋಗಿಯ ಒಪ್ಪಿಗೆ ಪಡೆದೇ ಕೊಡಬೇಕು. ಮದ್ಯ ಇರುವ ಕೆಮ್ಮಿನ ಸಿರಪ್ ಕುಡಿದರೂ ತೊಂದರೆಯಾಗಬಹುದು. ತಾನು ಮಾತ್ರೆಯ ಮೇಲಿದ್ದೇನೆ ಅಂತ ಗೊತ್ತಿಲ್ಲದವರು ಹುಷಾರಾಗಿರುವುದು ಹೇಗೆ? ಇನ್ನು ವಿಷಯ ಗೊತ್ತಾದ ದಿನ ಅಣ್ಣ ಮನೆಯ ಊಟವನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ.

ಅವರ ಮೌನದ ಬಗ್ಗೆ ಮೇಲಿನ ಉತ್ತರ ಓದಿ, ಅತ್ತಿಗೆಗೂ ಓದಿ ಹೇಳಿ. ‘ಕುಡಿದಿಲ್ಲ ತಾನೇ?’ ಅಂತ ದಿನಾ ಕೇಳುವ ಬದಲು ‘ರಾತ್ರಿ ನಿದ್ದೆ ಬಂತಾ ಅಣ್ಣ?’ ಅಂತ ಕೇಳಿ ನೋಡಿ. ಈಗಾಗಲೇ ಆ ಮಾತ್ರೆ ಕೊಟ್ಟಿದ್ದರೆ ನಿಲ್ಲಿಸಿ, ಇವತ್ತೇ ಅಣ್ಣನಿಗೂ ಡಾಕ್ಟರಿಗೂ ಹೇಳಿ. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಅದರ ಪರಿಣಾಮ ಉಳಿಯಬಹುದು.