ಮುಚ್ಚಳದ ಲೆಕ್ಕ ಬೇರೆಯಾಗಿಯೇ ಕೇಳಿ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಕಡೆ ಒಳಚರಂಡಿ ಕೆಲಸಕ್ಕೆ ಹೊರದೇಶದ ಬೀಡಿನ (ಎರಕದ ಕಬ್ಬಿಣದ) ಮ್ಯಾನ್‌ಹೋಲ್ ಮುಚ್ಚಳ ತಂದು ಹಾಕಿದ್ದಾರೆ. ಸರ್ಕಾರದ ದುಡ್ಡಿನ ಕಾಮಗಾರಿಗೆ ನಮ್ಮ ದೇಶದ ಮಾಲನ್ನೇ ಬಳಸಬೇಕು ಅನ್ನೋ ನಿಯಮ ಯಾಕಿಲ್ಲ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಿಯಮ ಇದೆ. ಸರ್ಕಾರಿ ಖರೀದಿಯಲ್ಲಿ ದೇಶದ ಮಾಲಿಗೆ ಆದ್ಯತೆ ಕೊಡಬೇಕೆಂದು ಕೇಂದ್ರ 2017ರಲ್ಲೇ ಆದೇಶ ಹೊರಡಿಸಿತು, 2020ರಲ್ಲಿ ಬಿಗಿ ಮಾಡಿತು. ಮೌಲ್ಯದಲ್ಲಿ ಶೇ. 50 ಅಥವಾ ಜಾಸ್ತಿ ಇಲ್ಲಿಯದಾದರೆ ಒಂದನೇ ದರ್ಜೆಯ ಪೂರೈಕೆದಾರ, 20ರಿಂದ 50ರೊಳಗಿದ್ದರೆ ಎರಡನೇ ದರ್ಜೆಯವ. ಯೋಜನೆಗೆ ಕೇಂದ್ರದ ಹಣ ಭಾಗಶಃ ಸೇರಿದ್ದರೂ ಸಾಕು, ಪಾಲಿಕೆಯ ಕೆಲಸಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಮುಚ್ಚಳ ಹೇಗೆ ನುಸುಳುತ್ತವೆ? ಲೆಕ್ಕವನ್ನು ಇಡೀ ಗುತ್ತಿಗೆಯ ಮೇಲೆ ಹಾಕಿದರೆ ಸಿಮೆಂಟು, ಜಲ್ಲಿ, ಮರಳೇ ಶೇ. 50 ದಾಟಿಸಿಬಿಡುತ್ತವೆ. ಅಂದಾಜು ಪಟ್ಟಿಯಲ್ಲಿ ಮುಚ್ಚಳದ್ದು ಒಂದೇ ಸಾಲು. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ದೇಶದ ಮಾಲು ಇಷ್ಟಿದೆ ಎಂದು ಗುತ್ತಿಗೆದಾರ ತಾನೇ ಸಹಿ ಹಾಕಿದ ಪತ್ರ ಕೊಡುತ್ತಾನೆ. ಖರೀದಿ 10 ಕೋಟಿ ರೂಪಾಯಿ ಮೀರಿದರೆ ಮಾತ್ರ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಟೆಂಡರ್‌ನಿಂದ ಹೊರಗಿಡಬಹುದು. ಆದರೆ ಹಿಡಿಯಬೇಕಲ್ವಾ?

ಅಮೆರಿಕ 2021ರಲ್ಲಿ ಮಾಡಿದ ಕಾನೂನು ಈ ವಿಷಯದಲ್ಲಿ ಗಟ್ಟಿ. ಅಲ್ಲಿನ ಕೇಂದ್ರ ಸರ್ಕಾರದ ನೆರವಿನ ರಸ್ತೆ, ನೀರು, ಸೇತುವೆ ಕೆಲಸಗಳಲ್ಲಿ ಒಂದೊಂದು ವಸ್ತುವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕಬ್ಬಿಣ, ಉಕ್ಕಾದರೆ ಕರಗಿಸುವುದರಿಂದ ಹಿಡಿದು ಎಲ್ಲ ತಯಾರಿಕೆಯೂ ಅಲ್ಲೇ ಆಗಬೇಕು. ಅಲ್ಲಿಯ ಮಾಲನ್ನೇ ಬಳಸಿದರೆ ಒಟ್ಟು ಯೋಜನೆಯ ಖರ್ಚು ಶೇ. 25ಕ್ಕಿಂತ ಹೆಚ್ಚು ಏರುವಂತಿದ್ದರೆ ವಿನಾಯಿತಿ ಕೇಳಬಹುದು. ಹೊರಗೆ ಎರಕದ ಮಾಲು ಕಳಿಸುವ ಬೆಳಗಾವಿಗೆ ಇಂಥ ಬಾಗಿಲು ಮುಚ್ಚುವುದು ನೋವಿನ ಸಂಗತಿಯೇ. ಆದರೂ ಸಾಲು ಸಾಲಾಗಿ ಪರೀಕ್ಷಿಸುವ ಆ ಕ್ರಮ ನಮಗೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮಾತು ನಿಮಗೂ ಹೇಳಬೇಕು. ದೇಶದ ಮಾಲು ಅಂದರೆ ಬೆಳಗಾವಿಯದೇ ಮಾಲು ಅಲ್ಲ. ಕೊಲ್ಲಾಪುರದ ಫೌಂಡ್ರಿಯವರೂ ಬರುತ್ತಾರೆ. ಮುಚ್ಚಳ ಐಎಸ್ 1726ರ (ಬೀಡಿನ ಮ್ಯಾನ್‌ಹೋಲ್ ಮುಚ್ಚಳಗಳ ಭಾರತೀಯ ಮಾನಕ) ಭಾರ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಮೇಲೆ ಲಾರಿ ಓಡಾಡುವ ಕಡೆ ಬಿರುಕು ಬಿಟ್ಟರೆ ಜನರ ಜೀವ ಹೋಗುತ್ತದೆ.

ಮುಂದಿನ ಟೆಂಡರ್‌ನಲ್ಲಿ ಬಿಡ್ ಸಲ್ಲಿಸುವ ಮೊದಲು ನಡೆಯುವ ಪ್ರೀ-ಬಿಡ್ ಸಭೆಗೆ ನಿಮ್ಮ ಸಂಘದಿಂದ ಪತ್ರ ಕೊಡಿ. ಮುಚ್ಚಳ, ಪೈಪು, ವಾಲ್ವ್‌ಗಳ ಮೂಲವನ್ನು ಪ್ರತ್ಯೇಕವಾಗಿ ತೋರಿಸಬೇಕು, ಕಾರ್ಖಾನೆಯ ಬಿಲ್ ಇಲ್ಲದೆ ಗುತ್ತಿಗೆದಾರನ ಬಿಲ್ ಪಾಸ್ ಮಾಡಬಾರದು ಎಂದು ಕೇಳಿ. ಹಳೇ ಕೆಲಸದ ಖರೀದಿ ಬಿಲ್‌ಗಳನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ನಮಗೂ ಒಂದು ಪ್ರತಿ ಕಳಿಸಿ.