ಮಲಯಾಳದ ‘ಅವಕಾಶ’ ನಮ್ಮ ಅವಕಾಶವಲ್ಲ

ಕಾಸರಗೋಡಿನ ಕಚೇರಿಯೊಂದರ ಫಲಕದಲ್ಲಿ ‘ವಿವರಾವಕಾಶ ನಿಯಮಂ’ ಎಂದು ಓದಿ, ವಿವರ ಹೇಳಿಕೊಳ್ಳಲು ನಮಗೆ ಅವಕಾಶ ಕೊಡುತ್ತಾರೆಯೇ ಎಂದು ಕೇಳಿದ್ದೀರಿ. ಅಲ್ಲ. ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು, ನಿಯಮ ಎಂದರೆ ಕಾಯ್ದೆ. ಅದು 2005ರ ಮಾಹಿತಿ ಹಕ್ಕು ಕಾಯ್ದೆಯೇ. ಅಲ್ಲಿ ‘ಅವಕಾಶಿ’ ಎಂದರೆ ವಾರಸುದಾರ. ಆದ್ದರಿಂದ ಜಾಗದ ದಾಖಲೆಗಳಲ್ಲಿ ಈ ಪದ ಕಂಡರೆ ಎಚ್ಚರದಿಂದ ಓದಿ.

ಮಲಯಾಳಿಗಳು ತಪ್ಪಾಗಿ ಬಳಸಿದ್ದಾರೆ ಎಂಬ ನಿಮ್ಮ ಅನುಮಾನ ಮಾತ್ರ ಸರಿಯಲ್ಲ. ಸಂಸ್ಕೃತದಲ್ಲಿ ಇದರ ಅರ್ಥ ತೆರಪು, ಎಡೆ. ಆಕಾಶದಲ್ಲಿರುವ ‘ಕಾಶ್’ ಧಾತುವೇ ಇಲ್ಲಿಯೂ ಇದೆ. ನಮ್ಮ ‘ಸ್ಥಳಾವಕಾಶ’, ‘ಕಾಲಾವಕಾಶ’ಗಳಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಹಿಂದಿಯವರಿಗೆ ಕೆಲಸದ ನಡುವಿನ ತೆರಪು ರಜೆಯಾಯಿತು: ‘ಗ್ರೀಷ್ಮಾವಕಾಶ’ ಎಂದರೆ ಬೇಸಿಗೆ ರಜೆ. ಮರಾಠಿಯವರು ನೇರವಾಗಿ ಬಾಹ್ಯಾಕಾಶಕ್ಕೇ ಹಾರಿದರು. ಅವರ ‘ಅವಕಾಶಯಾನ’ ನಮ್ಮ ಬಾಹ್ಯಾಕಾಶ ನೌಕೆ. ನಮಗೂ ತೆಲುಗರಿಗೂ ಅದು ಸಂದರ್ಭ, ಸಾಧ್ಯತೆ.

ಹಾಗಾದರೆ ನಮ್ಮ ಅವಕಾಶಕ್ಕೆ ಮಲಯಾಳದಲ್ಲಿ ಏನೆನ್ನುತ್ತಾರೆ? ‘ಅವಸರಂ’! ‘ತೊಳಿಲವಸರಂ’ ಎಂಬ ಜಾಹೀರಾತು ಕಂಡರೆ ಯಾರಿಗೋ ಕೆಲಸದ ಗಡಿಬಿಡಿ ಎಂದುಕೊಳ್ಳಬೇಡಿ, ಅದು ಉದ್ಯೋಗಾವಕಾಶ. ತೆಲುಗಿನಲ್ಲಿ ಇದೇ ಅವಸರಂ ಎಂದರೆ ಅಗತ್ಯ. ಅವರ ಆತುರಕ್ಕೆ ‘ತೊಂದರ’ ಎಂಬ ಪದವಿದೆ. ಅದನ್ನು ಕೇಳಿ ನಾವು ಏನಾಯಿತೋ ಎಂದು ಗಾಬರಿಯಾಗುತ್ತೇವೆ.

ಅರ್ಜಿ ಹಾಕುವುದಾದರೆ ಕನ್ನಡದಲ್ಲಿ ‘ಮಾಹಿತಿ ಹಕ್ಕು’ ಎಂದೇ ಬರೆಯಿರಿ.